ಹಿಮವೇ ಬೀಳದಿದ್ದರೆ?

ಪ್ರಶ್ನೆ: ಚಳಿಗಾಲದ ಒಲಿಂಪಿಕ್ಸ್ ನಡೆಯುವ ನಗರವನ್ನು ಎಷ್ಟೋ ವರ್ಷ ಮೊದಲೇ ಆರಿಸುತ್ತಾರಲ್ಲ, ಕೊನೆಗಳಿಗೆಯಲ್ಲಿ ಹಿಮವೇ ಬೀಳದಿದ್ದರೆ ಏನು ಮಾಡುತ್ತಾರೆ?

ಉತ್ತರ: ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ 1964ರಲ್ಲಿ ಈ ಕಷ್ಟ ನಿಜವಾಗಿಯೂ ಬಂದಿತ್ತು. ಆಲ್ಪ್ಸ್ ಮಡಿಲಲ್ಲಿರುವ ಊರು, ಆದರೂ ಆ ವರ್ಷ ಹಿಮ ಕೈಕೊಟ್ಟಿತು. ಕೊನೆಗೆ ಸೈನಿಕರೇ ಇಳಿಯಬೇಕಾಯಿತು. ಬೆಟ್ಟದ ಮೇಲಿಂದ ಸುಮಾರು 20,000 ಮಂಜುಗಡ್ಡೆಯ ಇಟ್ಟಿಗೆಗಳನ್ನು ಕಡಿದು ತಂದು ಬಾಬ್‌ಸ್ಲೆಡ್, ಲ್ಯೂಜ್ ಎಂಬ ಜಾರುಬಂಡಿ ಸ್ಪರ್ಧೆಗಳ ಹಾದಿಗಳಿಗೆ ಜೋಡಿಸಿದರು. ಸ್ಕೀಯಿಂಗ್ ಇಳಿಜಾರುಗಳಿಗೆ 40,000 ಘನ ಮೀಟರ್ ಹಿಮ ಸಾಗಿಸಿ, ಕೈಯಿಂದ ತಟ್ಟಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಪದಕ ಗೆದ್ದವರಷ್ಟೇ ಗೌರವ ಅವರಿಗೂ ಸಲ್ಲಬೇಕೆಂಬುದು ನನ್ನ ಅನಿಸಿಕೆ. ಅಂದಹಾಗೆ, ಭಾರತ ಚಳಿಗಾಲದ ಒಲಿಂಪಿಕ್ಸ್‌ಗೆ ಮೊದಲು ಕಾಲಿಟ್ಟದ್ದೂ ಅಲ್ಲೇ. ಹೋದದ್ದು ಸ್ಕೀ ಪಟು ಜೆರೆಮಿ ಬುಜಕೋವ್ಸ್ಕಿ ಒಬ್ಬರೇ.

ಈಗ ಯಂತ್ರಗಳಿವೆ. ನೀರನ್ನೂ ಒತ್ತಡದ ಗಾಳಿಯನ್ನೂ ಒಟ್ಟಿಗೆ ಚಿಮ್ಮಿಸಿದರೆ ಹನಿಗಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತವೆ. 2022ರ ಬೀಜಿಂಗ್ ಕೂಟ ಬಹುಪಾಲು ಇಂಥ ಹಿಮದ ಮೇಲೆಯೇ ನಡೆಯಿತು. ಆದರೆ ಇದು ಸಹಜ ಹಿಮಕ್ಕಿಂತ ಗಡುಸು, ಬಿದ್ದರೆ ಪೆಟ್ಟು ಜೋರು. ಸುತ್ತಲ ಗಾಳಿ ಸಾಕಷ್ಟು ತಣ್ಣಗಿರದಿದ್ದರೆ ಆ ಯಂತ್ರವೂ ಬರೀ ನೀರನ್ನೇ ಚಿಮ್ಮುತ್ತದೆ.