ಹೆಬ್ಬೆಟ್ಟಿನ ಮೇಲಿನ ಒಂದು ಸಾಲು

ಕಾಲೇಜಿಗೆ ಬಂದು ಮಾತನಾಡಿದ ಸರ್ಕಾರಿ ಅಧಿಕಾರಿಯೊಬ್ಬರ ಸೇವಾನುಭವ ನಿಮ್ಮ ಆಲೋಚನೆಯನ್ನು ಬದಲಿಸಿದ್ದುಂಟೇ ಎಂದು ಕೇಳಿದ್ದೀರಿ. ಉಂಟು. ನಾನು ಬಾಗಲಕೋಟೆಯ ನವನಗರದಲ್ಲಿ ಬಿ.ಎ. ಓದುತ್ತಿದ್ದೇನೆ. ಕಳೆದ ವರ್ಷ ನಮ್ಮ ರಾಜ್ಯಶಾಸ್ತ್ರ ವಿಭಾಗಕ್ಕೆ ಅತಿಥಿಯಾಗಿ ಬಂದವರು ತಲಾಟಿಯಾಗಿ, ಅಂದರೆ ಗ್ರಾಮ ಲೆಕ್ಕಿಗರಾಗಿ, ನೌಕರಿಗೆ ಸೇರಿ ತಹಶೀಲ್ದಾರರಾಗಿ ನಿವೃತ್ತರಾದವರು; ಸೇವೆಯ ಬಹುಭಾಗವನ್ನು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗುವ ಜಮೀನುಗಳ ಭೂಸ್ವಾಧೀನದ ಕೆಲಸದಲ್ಲಿ ಕಳೆದವರು.

ಬಡ್ತಿ, ವರ್ಗಾವಣೆಗಳ ವಿಷಯವನ್ನು ಅವರು ಎರಡೇ ನಿಮಿಷದಲ್ಲಿ ಮುಗಿಸಿದರು. ಆಮೇಲೆ ಹಲಗೆಯ ಮೇಲೆ ಪರಿಹಾರದ ರಸೀದಿಯೊಂದನ್ನು ಬರೆದರು: ಮೇಲೆ ಸರ್ವೆ ನಂಬರು, ಅದರ ಕೆಳಗೆ ಮೊತ್ತ, ತಳದಲ್ಲಿ ಹೆಬ್ಬೆಟ್ಟಿಗೆಂದು ಒಂದು ಸೊನ್ನೆ. ಮೊತ್ತಕ್ಕೂ ಸೊನ್ನೆಗೂ ನಡುವೆ ಬೆರಳಗಲದ ಜಾಗವನ್ನು ಖಾಲಿ ಬಿಟ್ಟು, ಅದರ ಮೇಲೆ ಸೀಮೆಸುಣ್ಣ ಊರಿ, ತಮ್ಮ ನೌಕರಿಯೆಲ್ಲ ಇಷ್ಟು ಜಾಗದಲ್ಲಿತ್ತು ಎಂದರು.

1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಂತೆ, ಐತೀರ್ಪಿನಲ್ಲಿ, ಅಂದರೆ ಭೂಸ್ವಾಧೀನಾಧಿಕಾರಿಯ ಆದೇಶದಲ್ಲಿ, ಗೊತ್ತುಪಡಿಸಿದ ಪರಿಹಾರ ಸಾಲದೆನಿಸಿದ ರೈತ ತನ್ನ ಪ್ರಕರಣವನ್ನು ನ್ಯಾಯಾಲಯಕ್ಕೆ ಕಳಿಸಿಕೊಡಿ ಎಂದು ಕೇಳಬಹುದಿತ್ತು; ಕರ್ನಾಟಕದ ತಿದ್ದುಪಡಿಯ ಪ್ರಕಾರ ಅದಕ್ಕೆ ಐತೀರ್ಪಿನ ನೋಟಿಸು ಜಾರಿಯಾದ ದಿನದಿಂದ 90 ದಿನಗಳ ಗಡುವು. ಆದರೆ ಹಣವನ್ನು ತಕರಾರಿನೊಂದಿಗೆ ಪಡೆದಿದ್ದೇನೆ ಎಂದು ದಾಖಲಿಸದಿದ್ದರೆ, 31ನೇ ಕಲಮಿನಂತೆ ಆ ಹಕ್ಕೇ ಇಲ್ಲವಾಗುತ್ತಿತ್ತು. ಖಾಲಿ ಬಿಟ್ಟ ಜಾಗ ಆ ಒಂದು ಸಾಲಿನದು. ಓದು ಬರಹ ಬಾರದವರು ಮಸಿಯ ಪ್ಯಾಡಿಗೆ ಕೈ ಚಾಚಿದಾಗ ಇವರು ತಡೆದು, "ಕಾಕಾ, ಹೆಬ್ಬೆಟ್ಟ ಒತ್ತೂ ಮೊದಲ ಇಷ್ಟ ಬರಸ್ರಿ" ಎಂದು ಹೇಳಿ, ಶಾಲೆಗೆ ಹೋಗುವ ಮಗನನ್ನೋ ಮೊಮ್ಮಗನನ್ನೋ ಕರೆಸಿ ಬರೆಸುತ್ತಿದ್ದರಂತೆ. ಹೀಗೆ ಹೇಳಿಕೊಟ್ಟರೆ ಸರ್ಕಾರಕ್ಕೆ ಹೊರೆಯಾಗುತ್ತದೆ ಎಂದು ಮೇಲಧಿಕಾರಿಯೊಬ್ಬರು ಗದರಿದಾಗ, ಕಾಯ್ದೆಯಲ್ಲಿ ಇದ್ದದ್ದನ್ನೇ ಹೇಳಿದ್ದೇನೆ, ಇಲ್ಲದ್ದನ್ನು ಹೇಳಿಲ್ಲ ಎಂದು ಉತ್ತರಿಸಿದರಂತೆ.

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಘಟಪ್ರಭೆಯ ದಂಡೆಯಲ್ಲಿದ್ದ ನಮ್ಮ ಅಜ್ಜನ ಎರೆಹೊಲ ಇದೇ ಮುಳುಗಡೆಯಲ್ಲಿ ಹೋಗಿದೆ. ಪಕ್ಕದ ಹೊಲದವರಿಗೆ ನ್ಯಾಯಾಲಯದಲ್ಲಿ ಹೆಚ್ಚಿನ ಪರಿಹಾರ ಸಿಕ್ಕರೂ ನಮಗೇಕೆ ಸಿಗಲಿಲ್ಲ ಎಂಬುದಕ್ಕೆ, ನಮ್ಮ ಹಣೆಬರಹ ಎಂಬುದರ ಹೊರತು ಮನೆಯಲ್ಲಿ ಯಾರಲ್ಲೂ ಉತ್ತರವಿರಲಿಲ್ಲ. ಅಜ್ಜನ ರಸೀದಿಯಲ್ಲಿ ಆ ಸಾಲು ಇಲ್ಲ. ಅಂದು ಹಣ ಕೊಟ್ಟವರು ಸುಳ್ಳು ಹೇಳಲಿಲ್ಲ, ಲಂಚವನ್ನೂ ಕೇಳಲಿಲ್ಲ; ಸುಮ್ಮನೆ ಮಸಿಯ ಪ್ಯಾಡನ್ನು ಮುಂದಕ್ಕೆ ಸರಿಸಿದರು.

ಉಪನ್ಯಾಸ ಮುಗಿದ ಮೇಲೆ ಅವರನ್ನು ಕಂಡು ಇದನ್ನೆಲ್ಲ ಹೇಳಿದೆ. 28ಎ ಕಲಮಿನ ಕೆಳಗೆ, ಅದೇ ಅಧಿಸೂಚನೆಯ ಬೇರೆ ರೈತರಿಗೆ ನ್ಯಾಯಾಲಯ ಹೆಚ್ಚಿಸಿಕೊಟ್ಟ ದರವನ್ನು ತನಗೂ ಕೊಡಿ ಎಂದು ಕೇಳಲು ಮೂರು ತಿಂಗಳ ಅವಕಾಶವಿತ್ತೆಂದೂ, ಅದೂ ಎಂದೋ ಮುಗಿದಿದೆಯೆಂದೂ ಸಮಾಧಾನವಾಗಿ ತಿಳಿಸಿದರು. ಸುಳ್ಳು ಭರವಸೆ ಕೊಡಲಿಲ್ಲ. ಅವರ ಮೇಲಿನ ಗೌರವ ನನಗೆ ಹೆಚ್ಚಿದ್ದು ಆ ಕ್ಷಣದಲ್ಲಿ.

ಅಲ್ಲಿಯವರೆಗೆ ಸಾರ್ವಜನಿಕ ಸೇವೆಯೆಂದರೆ ಜಿಲ್ಲಾಧಿಕಾರಿಯ ಕುರ್ಚಿ ಎಂದೇ ತಿಳಿದಿದ್ದೆ. ಈಗ ಗ್ರಾಮ ಆಡಳಿತಾಧಿಕಾರಿಯ ಪರೀಕ್ಷೆಗೆ ಓದುತ್ತಿದ್ದೇನೆ, ಏಕೆಂದರೆ ಕಾಗದವು ರೈತನ ಕೈ ಸೇರುವುದು ಆ ಹಂತದಲ್ಲಿ. ಆಲಮಟ್ಟಿಯಲ್ಲಿ ನೀರಿನ ಸಂಗ್ರಹ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗೆ ಇನ್ನಷ್ಟು ಜಮೀನು ಬೇಕು. 2014ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯಲ್ಲೂ ಗಡುವು ಇದೆ, ತಕರಾರಿನ ನಿಯಮವೂ ಇದೆ. ನಿಮ್ಮ ಜಮೀನು ಆ ಯೋಜನೆಗೆ ಹೋಗುವುದಿದ್ದರೆ, ನೋಟಿಸು ಕೈಗೆ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ, ಹಣ ಪಡೆಯುವ ಮೊದಲು ವಕೀಲರೊಬ್ಬರಿಗೆ ತೋರಿಸಿ.