ಸೀಟಿ ಊದದ ಕೋಚ್‌ಗೆ 489 ಗೆಲುವು

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಒಂದು ಸಣ್ಣ ಕಾಲೇಜಿನವರಂತೆ. ಹೌದೇ? (ದಾವಣಗೆರೆ)

ಹೌದು, ಜಾನ್ ಗಲಾರ್ಡಿ. ಮಿನ್ನೆಸೋಟ ರಾಜ್ಯದ ಕಾಲೇಜ್‌ವಿಲ್‌ನಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಕಟ್ಟಿದ ಸೇಂಟ್ ಜಾನ್ಸ್ ಎಂಬ ಗಂಡುಮಕ್ಕಳ ಕಾಲೇಜಿದೆ. 1953ರಿಂದ 2012ರವರೆಗೆ ಅಲ್ಲಿನ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ) ತಂಡ ಅವರ ಕೈಯಲ್ಲಿತ್ತು. ಅದಕ್ಕೆ ಮೊದಲು ನಾಲ್ಕು ಸೀಸನ್ ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿದ್ದರು. ಒಟ್ಟು 64 ಸೀಸನ್. 489 ಗೆಲುವು, 138 ಸೋಲು, 11 ಸಮ. (ಈಗಿನ ಕೋಚ್‌ಗಳ ಲೆಕ್ಕದಲ್ಲಿ 'ಸಮ' ಎಂಬ ಕಾಲಮ್ಮೇ ಇರುವುದಿಲ್ಲ. 1996ರಿಂದ ಹೆಚ್ಚುವರಿ ಆಟ ಆಡಿಸಿ ಫಲಿತಾಂಶ ತೀರ್ಮಾನಿಸುತ್ತಾರೆ.) ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ರಾಬಿನ್‌ಸನ್ ಅವರ 408 ಗೆಲುವಿನ ದಾಖಲೆಯನ್ನು ಗಲಾರ್ಡಿ ಮುರಿದದ್ದು 2003ರ ನವೆಂಬರ್‌ನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ, ಸಣ್ಣ ಕಾಲೇಜುಗಳ ರಾಷ್ಟ್ರೀಯ ಫೈನಲ್‌ನಲ್ಲಿ, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24-6ರಿಂದ ಮಣಿಸಿ ನಾಲ್ಕನೆಯ ರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆದರು. ಹಿಂದಿನವು 1963, 1965 ಮತ್ತು 1976ರವು.

ಅವರ ಕೋಚ್‌ಗಿರಿ ಶುರುವಾದದ್ದು 16ನೆಯ ವಯಸ್ಸಿನಲ್ಲಿ, ಹೈಸ್ಕೂಲಿನಲ್ಲಿ. ಎರಡನೆಯ ಮಹಾಯುದ್ಧಕ್ಕೆಂದು ಅಲ್ಲಿನ ಕೋಚನ್ನು ಸೈನ್ಯಕ್ಕೆ ಸೇರಿಸಿಕೊಂಡಾಗ ಆಟಗಾರನಾಗಿದ್ದ ಈ ಹುಡುಗನೇ ತಂಡವನ್ನು ವಹಿಸಿಕೊಂಡ. ತನಗೆ ಬೇಸರ ಹುಟ್ಟಿಸಿದ್ದ ಕಸರತ್ತುಗಳನ್ನು ಕೈಬಿಟ್ಟ, ಅಭ್ಯಾಸದ ನಡುವೆ ನೀರು ಕುಡಿಯಲು ಬಿಟ್ಟ. ಆಗ ನೀರು ಕುಡಿಯುವುದನ್ನು ದೌರ್ಬಲ್ಯವೆಂದು ಎಣಿಸುತ್ತಿದ್ದರು.

ಅವರ ಅಭ್ಯಾಸದಲ್ಲಿ ಟ್ಯಾಕಲ್ ಮಾಡುವುದೇ ನಿಷಿದ್ಧವಂತೆ. ಅಭ್ಯಾಸವಿಲ್ಲದೆ ಪಂದ್ಯದಲ್ಲಿ ಹೇಗೆ ಸಾಧ್ಯ? (ಮಡಿಕೇರಿ)

ಟ್ಯಾಕಲ್ ಎಂದರೆ ಚೆಂಡು ಹಿಡಿದು ಓಡುವವನನ್ನು ತಬ್ಬಿ ನೆಲಕ್ಕೆ ಕೆಡಹುವುದು. ಕಬಡ್ಡಿಯ ಹಿಡಿತವನ್ನು ಪೂರ್ತಿ ಓಟದ ವೇಗದಲ್ಲಿ ಮಾಡಿದ ಹಾಗೆ. ಗಲಾರ್ಡಿ ನಿಷೇಧಿಸಿದ್ದು ಕೆಡಹುವುದನ್ನು ಮಾತ್ರ. ಅದಕ್ಕೂ ಮುಂಚಿನ ಕೆಲಸವೆಲ್ಲ ನಡೆಯುತ್ತಿತ್ತು: ಎದುರಾಳಿಯ ಆಟವನ್ನು ಗುರುತಿಸುವುದು, ಸರಿಯಾದ ಕೋನದಲ್ಲಿ ಓಡುವುದು, ಚೆಂಡಿನವನ ಎದುರು ಸರಿಯಾದ ಜಾಗದಲ್ಲಿ ಹೋಗಿ ನಿಲ್ಲುವುದು. ಟ್ಯಾಕಲ್ ತಪ್ಪುವುದು ಹೆಚ್ಚಾಗಿ ತೋಳಿನ ಬಲ ಸಾಲದೆ ಅಲ್ಲ, ಕೋನ ತಪ್ಪಿ. ಒಂದು ಗಜ ಆಚೆ ತಲುಪಿದವನಿಗೆ ಸಿಗುವುದು ಜೆರ್ಸಿಯ ಚುಂಗು ಅಷ್ಟೇ.

ಸೀಟಿಯಿಲ್ಲ, ಮೆತ್ತೆ ಕಟ್ಟಿದ ತಳ್ಳುವ ಸ್ಲೆಡ್ ಇಲ್ಲ, ಶಿಕ್ಷೆಯ ಓಟವಿಲ್ಲ, ಕಡ್ಡಾಯ ತೂಕ ಎತ್ತುವಿಕೆಯಿಲ್ಲ, ಆಟದ ಯೋಜನೆಗಳನ್ನು ಬರೆದಿಡುವ ಪ್ಲೇಬುಕ್ ಇಲ್ಲ. 'ಕೋಚ್' ಎಂದು ಕರೆಯುವಂತೆಯೂ ಇಲ್ಲ, ಹುಡುಗರಿಗೆ ಅವರು ಬರೀ ಜಾನ್. ಸೊಳ್ಳೆ ಕಾಟ ಮಿತಿಮೀರಿದರೆ ಅಭ್ಯಾಸವೇ ಇಲ್ಲ. ಇದ್ದ ದಿನ ಸುಮಾರು 90 ನಿಮಿಷ. ಇದನ್ನೆಲ್ಲ ಓದಿದವರಿಗೆ ಸಡಿಲ ಬಿಟ್ಟ ಹಾಗೆ ಕಾಣುತ್ತದೆ. ಆದರೆ ಕಳೆದು ಉಳಿದ ಸಮಯವೆಲ್ಲ ಯೋಜಿಸಿದ ಒಂದೇ ನಡೆಯನ್ನು ಹನ್ನೊಂದೂ ಜನ ತಪ್ಪಿಲ್ಲದೆ ಆಡುವವರೆಗೆ ಮತ್ತೆ ಮತ್ತೆ ಮಾಡಿಸುವುದಕ್ಕೆ ಹೋಗುತ್ತಿತ್ತು. ಆ ವಿಷಯದಲ್ಲಿ ರಿಯಾಯಿತಿ ಇರಲಿಲ್ಲ.

ನಕಲು ಮಾಡುವವರು ಎಡವುವುದೂ ಇಲ್ಲೇ. ಟ್ಯಾಕಲ್ ತೆಗೆಯುತ್ತಾರೆ, ಆ ಜಾಗಕ್ಕೆ ಏನನ್ನೂ ಇಡುವುದಿಲ್ಲ. ಹುಡುಗರು ಎರಡು ಹೆಜ್ಜೆ ಮೊದಲೇ ವೇಗ ತಗ್ಗಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ, ಮೊದಲ ಪಂದ್ಯದಲ್ಲಿ ಅದೇ ಕೈಕೊಡುತ್ತದೆ. ಕೊನೆಯ ಹೆಜ್ಜೆಯವರೆಗೂ ಪೂರ್ತಿ ವೇಗ ಇರಬೇಕು, ಕಣ್ಣು ಮೇಲಿರಬೇಕು, ತಲೆ ಎದುರಾಳಿಯ ದೇಹದ ಪಕ್ಕಕ್ಕೆ ಹೋಗಬೇಕು. ತಲೆ ಬಗ್ಗಿಸಿ ನೆತ್ತಿಯಿಂದ ಗುದ್ದಿದರೆ ಕುತ್ತಿಗೆಯ ಮೂಳೆಗೇ ಅಪಾಯ. ತಬ್ಬಿ ಕೆಡಹುವ ಕೊನೆಯ ಭಾಗವನ್ನು ಮೆತ್ತೆಯ ಗೊಂಬೆಯ ಮೇಲೆ ಕಲಿಸಬಹುದು. ಡಾರ್ಟ್‌ಮತ್ ಕಾಲೇಜಿನ ಕೋಚ್ ಬಡ್ಡಿ ಟೀವನ್ಸ್ 2010ರಲ್ಲಿ ಅಭ್ಯಾಸದ ಟ್ಯಾಕಲ್ ನಿಲ್ಲಿಸಿದಾಗ ಹಿಡಿದ ದಾರಿ ಇದೇ. ಮುಂದೆ ಅಲ್ಲಿ ದೂರನಿಯಂತ್ರಣದಿಂದ ಓಡುವ ಗೊಂಬೆಯೇ ತಯಾರಾಯಿತು. 2016ರಲ್ಲಿ ಡಾರ್ಟ್‌ಮತ್ ಸೇರಿ ಎಂಟು ವಿದ್ಯಾಸಂಸ್ಥೆಗಳ ಕೂಟವಾದ ಐವಿ ಲೀಗ್‌ನ ಕೋಚ್‌ಗಳೆಲ್ಲ ಸೀಸನ್ ನಡುವಿನ ಅಭ್ಯಾಸಕ್ಕೆ ಈ ನಿಯಮವನ್ನು ಒಪ್ಪಿದರು. ಗಲಾರ್ಡಿ ಅಷ್ಟು ಹೊತ್ತಿಗೆ ನಿವೃತ್ತರಾಗಿ ಮೂರು ವರ್ಷ ದಾಟಿತ್ತು.

ಸಣ್ಣ ಕಾಲೇಜುಗಳಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲವಂತೆ. ಹಾಗಾದರೆ ಒಳ್ಳೆಯ ಆಟಗಾರ ಯಾಕೆ ಬರುತ್ತಾನೆ? (ಧಾರವಾಡ)

ಸೇಂಟ್ ಜಾನ್ಸ್ ಇರುವ ಡಿವಿಷನ್ 3ರಲ್ಲಿ (ಕಾಲೇಜು ಕ್ರೀಡೆಯ ಮೂರನೆಯ ದರ್ಜೆ) ಆಟದ ಹೆಸರಿನಲ್ಲಿ ಒಂದು ಡಾಲರ್ ಕೂಡ ಕೊಡುವಂತಿಲ್ಲ. ಅಂಕ ನೋಡಿ ಅಥವಾ ಮನೆಯ ಆದಾಯ ನೋಡಿ ಸಹಾಯ ಕೊಡಬಹುದು, ಆದರೆ ಆಟಗಾರನಲ್ಲದ ವಿದ್ಯಾರ್ಥಿಗೆ ಅನ್ವಯಿಸುವ ಅಳತೆಯೇ ಇವನಿಗೂ. ಹೀಗಾಗಿ ಕೋಚ್ ಅರ್ಧ ಪ್ರವೇಶಾತಿ ವಿಭಾಗದ ನೌಕರ. ಶುಲ್ಕ ಕಟ್ಟುವ ಪ್ರತಿ ಹುಡುಗನೂ ಕಾಲೇಜಿಗೆ ಆದಾಯ. ಅನೇಕ ಸಣ್ಣ ಖಾಸಗಿ ಕಾಲೇಜುಗಳು ನೂರಕ್ಕೂ ಹೆಚ್ಚು ಜನರ ಫುಟ್‌ಬಾಲ್ ತಂಡ ಇಟ್ಟುಕೊಳ್ಳುವುದರ ಗುಟ್ಟು ಇದು. ತೊಂದರೆ ಎರಡನೆಯ ವರ್ಷ ಕಾಣಿಸುತ್ತದೆ: ಮೈದಾನಕ್ಕಿಳಿಯದೆ ಬೇಸತ್ತ ಹುಡುಗ ತಂಡ ಬಿಡುತ್ತಾನೆ, ಹಣವೂ ಕಟ್ಟಿಹಾಕದ ಕಾರಣ ಕೆಲವೊಮ್ಮೆ ಕಾಲೇಜನ್ನೇ ಬಿಡುತ್ತಾನೆ. ಗಲಾರ್ಡಿ ಬಂದವರನ್ನು ತಂಡದಿಂದ ತೆಗೆಯುತ್ತಿರಲಿಲ್ಲ. ಅಭ್ಯಾಸ ಹಿಂಸೆಯಲ್ಲದಿದ್ದರೆ ನೂರೈವತ್ತನೆಯ ಆಟಗಾರನೂ ಉಳಿಯುತ್ತಾನೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ.

ಗೆಲುವಿನ ಸರಾಸರಿಯಲ್ಲೂ ಅವರೇ ಮೊದಲೇ? (ಕಲಬುರಗಿ)

ಅಲ್ಲ. ಅವರದು 77.5 ಶೇಕಡಾ. ಮೌಂಟ್ ಯೂನಿಯನ್‌ನ ಲ್ಯಾರಿ ಕೆರಸ್ 332 ಗೆದ್ದು 24 ಮಾತ್ರ ಸೋತರು, 3 ಸಮ. ಜೊತೆಗೆ 11 ರಾಷ್ಟ್ರೀಯ ಪ್ರಶಸ್ತಿ. ಒಂದೇ ಒಂದು ಪಂದ್ಯ ಗೆಲ್ಲಲೇಬೇಕೆಂದಿದ್ದರೆ ನಮ್ಮ ಓಟು ಕೆರಸ್‌ಗೆ.

ನನ್ನ ಮಗ ಇಲ್ಲೇ ಡಿವಿಷನ್ 3 ಕಾಲೇಜಿನಲ್ಲಿ ಆಡುತ್ತಾನೆ, ಮುಂದೆ ಕೋಚ್ ಆಗುತ್ತೇನೆ ಎನ್ನುತ್ತಾನೆ. ದಾರಿ ಯಾವುದು? (ಮಿನಿಯಾಪೊಲಿಸ್)

ಮೊದಲು ವಿದ್ಯಾರ್ಥಿ ಸಹಾಯಕ, ಆಮೇಲೆ ಸ್ನಾತಕೋತ್ತರ ಓದಿನ ಜೊತೆ ಸಹಾಯಕ ಕೋಚ್. ನಂತರ ಲೈನ್‌ಮನ್‌ಗಳದೋ (ಮುಂಚೂಣಿಯಲ್ಲಿ ತಳ್ಳಾಡುವವರು) ರಿಸೀವರ್‌ಗಳದೋ (ಎಸೆದ ಚೆಂಡು ಹಿಡಿಯುವವರು) ಒಂದು ಗುಂಪಿನ ಹೊಣೆ, ಆಮೇಲೆ ಆಕ್ರಮಣ ಅಥವಾ ರಕ್ಷಣೆಯ ಸಂಯೋಜಕ, ಕೊನೆಗೆ ಮುಖ್ಯ ಕೋಚ್. ಸೀಸನ್‌ನಲ್ಲಿ ಶನಿವಾರ ಪಂದ್ಯ, ಭಾನುವಾರ ವಿಡಿಯೊ ನೋಡಿ ಆಟಗಾರರಿಗೆ ಅಂಕ ಹಾಕುವುದು, ವಾರದ ನಡುವೆ ಭಾರೀ ಅಭ್ಯಾಸ, ಶುಕ್ರವಾರ ರಾತ್ರಿ ಹೈಸ್ಕೂಲ್ ಪಂದ್ಯಗಳಲ್ಲಿ ಹುಡುಗರ ಹುಡುಕಾಟ. ಸೀಸನ್ ಮುಗಿದ ಮೇಲೆ ರಜೆ ಎಂದುಕೊಳ್ಳಬೇಡಿ, ಮುಂದಿನ ವರ್ಷದ ತಂಡ ಸೇರಿಸುವ ಕೆಲಸ ಜೋರಾಗುವುದೇ ಚಳಿಗಾಲದಲ್ಲಿ. ಸಣ್ಣ ಕಾಲೇಜಿನಲ್ಲಿ ಕೋಚ್‌ಗೆ ಪಾಠ ಹೇಳುವ ಅಥವಾ ಇನ್ನೊಂದು ಆಟ ನೋಡಿಕೊಳ್ಳುವ ಹೊಣೆಯೂ ಬರಬಹುದು. ಗಲಾರ್ಡಿ ಕೆಲವು ವರ್ಷ ಐಸ್ ಹಾಕಿ ತಂಡವನ್ನೂ ನಡೆಸಿದರು. ಆದ್ದರಿಂದ ಮಗ ಪದವಿಯಲ್ಲಿ ಬೋಧಿಸಲು ಬರುವ ಒಂದು ವಿಷಯವನ್ನು ಗಟ್ಟಿಮಾಡಿಕೊಳ್ಳಲಿ. ಈಗಿನ ಕೋಚ್‌ನ ಬಳಿ ಹೋಗಿ ಈ ಸೀಸನ್‌ನಲ್ಲೇ ವಿಡಿಯೊ ಕತ್ತರಿಸುವ ಕೆಲಸ ಕೇಳಲಿ.