ಸವೆದ ಡ್ರಮ್ ಹೆಡ್: ಯಾವುದಕ್ಕೆ ತೇಪೆ, ಯಾವುದಕ್ಕೆ ದುಡ್ಡು

ಸೆಕೆಂಡ್ ಹ್ಯಾಂಡ್ ಐದು ಪೀಸಿನ ಡ್ರಮ್ ಕಿಟ್ ತಗೊಂಡಿದ್ದೀರಿ. ಸ್ನೇರ್ (ಕೆಳಗೆ ತಂತಿ ಇರುವ ಚಿಕ್ಕ ಡ್ರಮ್) ಹೆಡ್ಡಿನ, ಅಂದ್ರೆ ಅದರ ಮೇಲೆ ಬಿಗಿದ ಹಾಳೆಯ, ನಡುವೆ ಬಿಳಿ ಲೇಪ ಎದ್ದುಹೋಗಿ ಗುಳಿ ಬಿದ್ದಿದೆ, ಬಾಸ್ ಡ್ರಮ್ಮಿನಲ್ಲಿ ಕಾಲಿನ ಪೆಡಲ್‌ನ ಬೀಟರ್ ಬಡಿಯುವ ಕಡೆ ಬೆರಳು ತೂರುವಷ್ಟು ತೂತಿದೆ, ಟಾಮ್‌ಗಳು, ಅಂದ್ರೆ ಉಳಿದ ಡ್ರಮ್‌ಗಳು, ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತಿವೆ. ಎಲ್ಲ ಹೊಸದು ಹಾಕುವಷ್ಟು ದುಡ್ಡಿಲ್ಲ, ರಿಪೇರಿ ಮಾಡಿ ನಡೆಸಬಹುದಾ ಅಂತ ಕೇಳಿದ್ದೀರಿ.

ನಡೆಸಬಹುದು, ಆದ್ರೆ ಎಲ್ಲದಕ್ಕೂ ಒಂದೇ ಮದ್ದಲ್ಲ. ನಾನಾಗಿದ್ದರೆ ದುಡ್ಡನ್ನು ಸ್ನೇರ್‌ನ ಮೇಲಿನ ಹೆಡ್ ಒಂದಕ್ಕೆ ಹಾಕುತ್ತಿದ್ದೆ. ಬಾಸ್ ಡ್ರಮ್ಮಿಗೆ ತೇಪೆ. ಟಾಮ್‌ಗಳಿಗೆ ಸದ್ಯಕ್ಕೆ ಏನೂ ಕೊಳ್ಳುವುದು ಬೇಡ, ಬಿಚ್ಚಿ ಒರೆಸಿ ಮತ್ತೆ ಸರಿಯಾಗಿ ಕೂರಿಸಿ ನೋಡಿ. ಹಳೇ ಕಿಟ್‌ನಲ್ಲಿ ಹೆಡ್ ಸತ್ತಿದೆ ಅಂತ ನಾವು ಅಂದುಕೊಳ್ಳುವ ಎಷ್ಟೋ ಸಲ ಸತ್ತಿರುವುದು ಟ್ಯೂನಿಂಗ್.

ಮೊದಲು ಒಂದು ವಿಷಯ. ಹೆಡ್ಡಿಗೆ ನೀರು ಸವರಿ ಬಿಸಿಲಿಗಿಡಿ, ಬಿಗಿಯಾಗುತ್ತೆ ಅಂತ ಕೆಲವರು ಹೇಳ್ತಾರೆ. ಅದು ಚರ್ಮದ ಮಾತು. ನಿಮ್ಮ ಕಿಟ್‌ನಲ್ಲಿ ಇರುವುದು ಪಾಲಿಯೆಸ್ಟರ್ ಹಾಳೆ, ಮೈಲಾರ್ ಅಂತ ಕರೀತಾರಲ್ಲ ಅದು. 1950ರ ದಶಕದ ಕೊನೆಯಲ್ಲಿ ಇದು ಬಂದಿದ್ದೇ ಚರ್ಮ ಮಳೆಗಾಲದಲ್ಲಿ ಸಡಿಲ, ಬೇಸಿಗೆಯಲ್ಲಿ ಬಿಗಿ ಆಗುತ್ತಿದ್ದ ಕಾಟ ತಪ್ಪಿಸೋಕೆ. ಡ್ರಮ್ ಹೆಡ್ ಮಾಡುವ ರೆಮೊ ಕಂಪನಿ ಶುರುವಾದದ್ದು 1957ರಲ್ಲಿ, ಇದೇ ಹಾಳೆ ನಂಬಿಕೊಂಡು. ಇದು ನೀರು ಕುಡಿಯುವುದಿಲ್ಲ. ನೀವು ಎಷ್ಟು ಸವರಿದರೂ ಒದ್ದೆಯಾಗುವುದು ನೆಲ ಮಾತ್ರ.

ಈಗ ಪರೀಕ್ಷೆ. ಹೆಡ್ ಬಿಚ್ಚಿ ಸಮತಟ್ಟಾದ ಮೇಜಿನ ಮೇಲೆ ಇಡಿ. ಅದರ ಅಲ್ಯೂಮಿನಿಯಂ ಬಳೆ ಮೇಜಿಗೆ ಸುತ್ತಲೂ ಕೂರಬೇಕು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದರೆ ಬಳೆ ತಿರುಚಿದೆ, ಅದನ್ನು ಟ್ಯೂನ್ ಮಾಡೋಕೆ ಕೂತರೆ ಸಂಜೆ ಆಗುತ್ತೆ. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಣ್ಣ ಚುಕ್ಕಿಯಂಥ ಗುಳಿಗಳು ಪರವಾಗಿಲ್ಲ. ನಡುವೆ ಬಟ್ಟಲಿನ ಹಾಗೆ ತಗ್ಗಿದ್ದರೆ ಹಾಳೆ ಎಳೆದು ತೆಳ್ಳಗಾಗಿದೆ ಅಂತ ಅರ್ಥ, ಅದು ಇನ್ನು ವಾಪಸ್ ಬರುವುದಿಲ್ಲ. ಎರಡು ಪದರದ ಹೆಡ್ ಆದರೆ ಪದರಗಳ ನಡುವೆ ಗಾಳಿ ಗುಳ್ಳೆ ಕಾಣಬಹುದು, ಅದಕ್ಕೂ ಆಯುಸ್ಸು ಮುಗಿಯಿತು. ಬಳೆಯ ಹತ್ತಿರ ಹಾಳೆ ಬಾಗುವ ಜಾಗದಲ್ಲಿ ಬಿರುಕಿದ್ದರೆ ಯೋಚನೆಯೇ ಬೇಡ. ಇಡೀ ಎಳೆತ ಬೀಳುವುದು ಅಲ್ಲೇ, ಯಾವ ಅಂಟೂ ನಿಲ್ಲಲ್ಲ.

ಗುಳಿಗಳನ್ನು ಹೇರ್ ಡ್ರೈಯರ್‌ನಿಂದ ತೆಗೆಯಬಹುದು ಅಂತ ಎಲ್ಲರೂ ಹೇಳ್ತಾರೆ. ನಿಜ, ಸಣ್ಣವು ಹೋಗುತ್ತವೆ. ಈ ಹಾಳೆ ಬಿಸಿ ತಾಕಿದರೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ. ಹೆಡ್ ಡ್ರಮ್ಮಿನ ಮೇಲೇ ಸಾಧಾರಣ ಬಿಗಿಯಲ್ಲಿ ಇರಲಿ. ಒಂದು ಗೇಣು ದೂರದಿಂದ ಡ್ರೈಯರ್ ಆಡಿಸುತ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ. ಗುಳಿ ಕಣ್ಣೆದುರೇ ಮೆಲ್ಲಗೆ ಮೇಲೆದ್ದು ಮಾಯವಾಗುತ್ತೆ, ನೋಡೋಕೆ ಮಜಾ ಇದೆ. ನಾನು ಒಂದು ಸಲ ಈ ಮಜಾ ಸಾಲದೆ ಪೇಂಟ್ ಸುಲಿಯುವ ಹೀಟ್ ಗನ್ ಹಿಡಿದೆ. ಎರಡು ಸೆಕೆಂಡ್ ನಿಲ್ಲಿಸಿದ್ದೆ ಅಷ್ಟೇ, 12 ಇಂಚಿನ ಟಾಮ್ ಹೆಡ್ ಅಂಚಿನ ಕಡೆ ಚಿಪ್ಸಿನ ಹಾಗೆ ಮುದುಡಿತು. ಗುಳಿ ಮಾತ್ರ ನಿಜವಾಗಿ ಹೋಗಿತ್ತು! ಒಂದು ನೆನಪಿರಲಿ, ಬಿಸಿ ಕೊಟ್ಟರೆ ಹೆಡ್ ಚಂದ ಕಾಣುತ್ತೆ, ದಪ್ಪ ಆಗಲ್ಲ. ತೆಳ್ಳಗಾದ ಜಾಗ ತೆಳ್ಳಗೇ ಇರುತ್ತೆ.

ಇನ್ನು ನಿಮ್ಮ ಬಾಸ್ ಡ್ರಮ್ ತೂತು. ಬೀಟರ್ ಬಡಿಯುವುದು ಒಂದೇ ಜಾಗಕ್ಕೆ, ಹಾಗಾಗಿ ತೇಪೆಗೆ ಒಳ್ಳೇ ಗಿರಾಕಿ ಇದೇ.

ಮೊದಲು ತೂತಿನ ಅಂಚು ನೋಡಿ. ದುಂಡಗಿದ್ದರೆ ಸರಿ. ಅದರಿಂದ ಕೂದಲೆಳೆಯ ಹಾಗೆ ಸೀಳು ಹೊರಟಿದ್ದರೆ ಮೊದಲು ಅದನ್ನು ತಡೆಯಬೇಕು. ಸೀಳು ಹರಿಯುತ್ತಾ ಹೋಗುವುದು ಅದರ ತುದಿ ಚೂಪಾಗಿರುವುದರಿಂದ. ಇಕ್ಕುಳದಲ್ಲಿ ಮೊಳೆ ಹಿಡಿದು ಉರಿಯಲ್ಲಿ ಕಾಯಿಸಿ, ಸೀಳು ಮುಗಿದ ಜಾಗಕ್ಕೆ ಸರಿಯಾಗಿ ಚುಚ್ಚಿ. ಪ್ಲಾಸ್ಟಿಕ್ ಕರಗಿ ಸಾಸಿವೆ ಗಾತ್ರದ ದುಂಡು ರಂಧ್ರ ಆಗುತ್ತೆ, ಅಂಚು ಗಟ್ಟಿಯಾಗುತ್ತೆ. ಎಳೆತ ಸುತ್ತಲೂ ಹಂಚಿಹೋಗಿ ಸೀಳು ಅಲ್ಲೇ ನಿಲ್ಲುತ್ತೆ. ಕಿಟಕಿ ತೆಗೆದಿರಿ, ಹೊಗೆ ಕುಡಿಯಬೇಡಿ.

ತೇಪೆಗೆ ಬೇರೆ ಏನೂ ಕೊಳ್ಳಬೇಡಿ. ಯಾವುದಾದರೂ ಹಳೇ ಟಾಮ್ ಹೆಡ್ಡಿನಿಂದ ದುಂಡಗೆ ಕತ್ತರಿಸಿ. ತೂತಿನ ಸುತ್ತ ಎರಡು ಬೆರಳಗಲ ಜಾಸ್ತಿ ಇರಲಿ. ಚೌಕ ಕತ್ತರಿಸಬೇಡಿ, ಮೂಲೆಗಳೇ ಮೊದಲು ಏಳೋದು. ಎರಡೂ ಮೈಯನ್ನು ಸ್ಪಿರಿಟ್‌ನಿಂದ ಒರೆಸಿ, ಅಂಟು ಬೀಳುವ ಜಾಗವನ್ನು ನಯವಾದ ಸ್ಯಾಂಡ್‌ಪೇಪರ್‌ನಿಂದ ಮಂಕಾಗುವಷ್ಟು ಮಾತ್ರ ಉಜ್ಜಿ. ಚಪ್ಪಲಿ ಅಂಟಿಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟೀ ಅಂಟದ ಹಾಗೆ ಆಗುವವರೆಗೆ ಬಿಡಿ. ಆಮೇಲೆ ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ, ಒಂದು ಚಮಚದ ಬೆನ್ನು ಇದಕ್ಕೆ ಚೆನ್ನಾಗಿ ಆಗುತ್ತೆ. ಹೆಡ್ ಬಿಚ್ಚಿ ಒಳಗಡೆಯಿಂದ ಬಟ್ಟೆಯ ಟೇಪ್ ಒಂದು ತುಂಡು ಹಾಕಿದರೆ ಇನ್ನೂ ಗಟ್ಟಿ. ಒಂದು ರಾತ್ರಿ ಹಾಗೇ ಬಿಡಿ.

ಸೂಪರ್ ಗ್ಲೂ ಹಾಕಬೇಡಿ. ಒಣಗಿದ ಮೇಲೆ ಗಾಜಿನ ಹಾಗೆ ಗಡಸಾಗುತ್ತೆ. ಹಾಳೆ ಕುಣಿಯುತ್ತೆ, ಅಂಟು ಕುಣಿಯಲ್ಲ, ಹಾಗಾಗಿ ನಾಲ್ಕು ಹಾಡಿಗೆ ಟಪ್ ಅಂತ ಬಿಡುತ್ತೆ.

ತೇಪೆಯಿಂದ ಧ್ವನಿ ಕೆಡುತ್ತಾ? ಬಾಸ್ ಡ್ರಮ್ಮಿನಲ್ಲಿ ಕೆಡಲ್ಲ. ನಡುವೆ ಸ್ವಲ್ಪ ತೂಕ ಕೂತು ಏಟು ಇನ್ನೂ ಸ್ಪಷ್ಟವಾಗಿ ಕೇಳುತ್ತೆ. ಬೀಟರ್ ಬೀಳುವ ಜಾಗಕ್ಕೆಂದೇ ರೆಡಿಮೇಡ್ ಪ್ಯಾಚ್ ಮಾರುತ್ತಾರಲ್ಲ, ಕೆಲಸ ಅದೇ. ಇನ್ನೊಂದು ಉಪಾಯ: ಬೀಟರ್ ಸಾಮಾನ್ಯವಾಗಿ ಸರಿಯಾಗಿ ನಟ್ಟನಡುವೆ ಬೀಳಲ್ಲ, ಕೊಂಚ ಮೇಲೆ ಅಥವಾ ಪಕ್ಕಕ್ಕೆ ಬೀಳುತ್ತೆ. ನಿಮ್ಮದೂ ಹಾಗಿದ್ದರೆ ತೇಪೆ ಹಾಕಿದ ಮೇಲೆ ಹೆಡ್ಡನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ಸವೆಯದ ಜಾಗ ಬೀಟರ್ ಎದುರಿಗೆ ಬರುತ್ತೆ. ಟಾಮ್‌ಗಳಲ್ಲೂ ಇದು ನಡೆಯುತ್ತೆ, ನಾವು ಬಡಿಯೋದು ನಮ್ಮ ಕಡೆಯ ಅರ್ಧಕ್ಕೇ ತಾನೆ.

ಬೀಟರನ್ನೂ ಒಮ್ಮೆ ಮುಟ್ಟಿ ನೋಡಿ. ಫೆಲ್ಟ್ ಸವೆದು ಗಟ್ಟಿಯಾಗಿ ಒಳಗಿನ ಮರ ತಾಗುತ್ತಿದ್ದರೆ ತೂತಿನ ಕಳ್ಳ ಸಿಕ್ಕಿದ ಹಾಗೆ. ಅದನ್ನು ಸರಿ ಮಾಡದೆ ಹೊಸ ಹೆಡ್ ಹಾಕಿದರೂ ಅದೇ ಕತೆ.

ಬಾಸ್ ಡ್ರಮ್ಮಿನ ಮುಂದಿನ ಕಡೆಯ ಹೆಡ್ ಹರಿದಿದ್ದರೆ ಬೇಸರ ಬೇಡ. ಹರಿದ ಜಾಗ ನಡುವಿನಲ್ಲಿ ಅಲ್ಲದೆ ಪಕ್ಕಕ್ಕಿದ್ದರೆ ಅದನ್ನು ಸೇರಿಸಿ 4 ಅಥವಾ 5 ಇಂಚಿನ ದುಂಡು ಕಿಂಡಿ ಕತ್ತರಿಸಿಬಿಡಿ. ಮೈಕ್ ಇಡೋಕೆ ಎಷ್ಟೋ ಜನ ಬೇಕಂತಲೇ ಹಾಗೆ ಮಾಡಿಸ್ತಾರೆ.

ಈಗ ಸ್ನೇರ್. ಇಲ್ಲಿ ಮಾತ್ರ ಜಿಪುಣತನ ಬೇಡ ಅಂತೀನಿ. ಕೈಯ ಪ್ರತಿ ಸಣ್ಣ ಏಟೂ ಇಲ್ಲಿ ಕೇಳಬೇಕು, ತೇಪೆ ಅದನ್ನೆಲ್ಲ ನುಂಗುತ್ತೆ. ಲೇಪ ಹೋದದ್ದಷ್ಟೇ ಆಗಿದ್ದರೆ ಕಾಯಬಹುದಿತ್ತು, ಕೋಲಿನ ಬದಲು ತಂತಿ ಬ್ರಶ್‌ನಲ್ಲಿ ನುಡಿಸದವರಿಗೆ ಅದರಿಂದ ದೊಡ್ಡ ನಷ್ಟ ಇಲ್ಲ. ನಿಮ್ಮದು ಗುಳಿಯೂ ಬಿದ್ದಿದೆ ಅಂದಿದ್ದೀರಿ, ಬದಲಾಯಿಸಿ.

ಯಾವುದು ಕೊಳ್ಳಬೇಕು? ಹಾಳೆಯ ದಪ್ಪವನ್ನು ಮಿಲ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ರೆಮೊ ಅಂಬಾಸಡರ್, ಇವಾನ್ಸ್ ಜಿ1 ಇವು 10 ಮಿಲ್‌ನ ಒಂದೇ ಪದರ, ಅಂದ್ರೆ ಕಾಲು ಮಿಲಿಮೀಟರ್. ಅದೇ ಕಂಪನಿಗಳ ಎಂಪರರ್, ಜಿ2 ಇವು 7 ಮಿಲ್‌ನ ಎರಡು ಪದರ. ಕೈ ಹಗುರ ಇದ್ದವರಿಗೆ ಒಂದು ಪದರದ ಲೇಪ ಇರುವ ಹೆಡ್ ಸಾಕು. ಜೋರಾಗಿ ಬಾರಿಸುವವರಿಗೆ ಎರಡು ಪದರದ್ದು ಜಾಸ್ತಿ ದಿನ ಬಾಳುತ್ತೆ, ಆದ್ರೆ ನಾದ ಬೇಗ ಕಟ್ ಆಗುತ್ತೆ. ಚುಕ್ಕಿ, ರಿಂಗು, ಜೆಲ್ ಅಂತ ಅಲಂಕಾರ ಇರುವವು ಸದ್ಯಕ್ಕೆ ಬೇಡ. ಅಳತೆ ತಗೊಳ್ಳುವಾಗ ರಿಮ್, ಅಂದ್ರೆ ಹೆಡ್ಡನ್ನು ಒತ್ತಿ ಹಿಡಿಯುವ ಹೊರಗಿನ ಬಳೆ, ಅಳೆಯಬೇಡಿ. ರಿಮ್ ಬಿಚ್ಚಿ ಶೆಲ್‌ನ (ಡ್ರಮ್ಮಿನ ಒಡಲಿನ) ಹೊರ ಅಂಚಿಂದ ಹೊರ ಅಂಚಿಗೆ ಅಳೆಯಿರಿ. ಸ್ನೇರ್ ಬಹುಪಾಲು 14 ಇಂಚೇ ಇರುತ್ತೆ, ಆದರೂ ಅಳೆದೇ ತನ್ನಿ.

ಸ್ನೇರ್‌ನ ಕೆಳಗಿನ ಹೆಡ್ ಬೇರೆಯೇ ಜಾತಿ. ಸಾಮಾನ್ಯವಾಗಿ 3 ಮಿಲ್ ಮಾತ್ರ, ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತೆ. ಸೂಜಿ ಮೊನೆಯಷ್ಟು ತೂತಿದ್ದರೆ ಪಾರದರ್ಶಕ ಟೇಪ್ ಒಂದು ಚೂರು ಅಂಟಿಸಿ ಮರೆತುಬಿಡಿ. ಅದಕ್ಕಿಂತ ದೊಡ್ಡದಾದರೆ ಬದಲಾಯಿಸಬೇಕು, ಮತ್ತು ಬದಲಾಯಿಸುವಾಗ ಸ್ನೇರ್ ಸೈಡ್ ಅಂತಲೇ ಕೇಳಿ ತನ್ನಿ. ಹೊಸದಾಗಿ ಕಾಣುತ್ತೆ ಅಂತ ಈ ತೆಳು ಹೆಡ್ಡನ್ನು ಮೇಲೆ ಹಾಕಿ ಬಾರಿಸೋಕೆ ಹೋಗಬೇಡಿ, ಮೊದಲ ಏಟಿಗೇ ಕೋಲು ಒಳಗೆ ಹೋಗುತ್ತೆ.

ತೆಗೆದ ಹಳೇ ಸ್ನೇರ್ ಹೆಡ್ ಬಿಸಾಡಬೇಡಿ. ನಿಮ್ಮ ಫ್ಲೋರ್ ಟಾಮ್ 14 ಇಂಚಿನದಾಗಿದ್ದು ಅದರ ಕೆಳಗಿನ ಹೆಡ್ ಹಾಳಾಗಿದ್ದರೆ ಅಲ್ಲಿಗೆ ಹಾಕಿ. ಕೆಳಗಿನದಕ್ಕೆ ಏಟು ಬೀಳಲ್ಲ, ಗುಳಿ ಇದ್ದರೂ ಸ್ವಲ್ಪ ದಿನ ತಳ್ಳುತ್ತೆ. ಹಾಗೆ ಆಗದಿದ್ದರೆ ಮುಂದಿನ ತೇಪೆಗಳಿಗೆ ಬಟ್ಟೆ ಸಿಕ್ಕಿತು ಅಂದುಕೊಳ್ಳಿ.

ಕೊನೆಗೆ ಟಾಮ್‌ಗಳು. ಒಂದನ್ನು ಮಾತ್ರ ಮೊದಲು ಬಿಚ್ಚಿ. ಶೆಲ್‌ನ ಅಂಚಿನ ಮೇಲೆ, ಹೆಡ್ ಕೂರುವ ಆ ಏಣಿನ ಮೇಲೆ, ಬೆರಳು ಓಡಿಸಿ. ಹಳೇ ಕಿಟ್‌ನಲ್ಲಿ ಅಲ್ಲಿ ಧೂಳು, ಮರದ ಪುಡಿ, ಒಣಗಿದ ಟೇಪಿನ ಅಂಟು ಏನೆಲ್ಲ ಇರುತ್ತೆ. ಒಣ ಬಟ್ಟೆಯಲ್ಲಿ ಒರೆಸಿ. ಗಾಜಿನ ಮೇಜಿನ ಮೇಲೆ ಶೆಲ್ ಬೋರಲಿಟ್ಟು ಕೋಣೆ ಕತ್ತಲು ಮಾಡಿ ಒಳಗಿಂದ ಟಾರ್ಚ್ ಬಿಡಿ, ಎಲ್ಲಿ ಬೆಳಕು ಸೋರುತ್ತೋ ಅಲ್ಲಿ ತಗ್ಗಿದೆ. ಕೂದಲೆಳೆಯಷ್ಟಿದ್ದರೆ ಬಿಟ್ಟುಬಿಡಿ. ಮರದ ಅಂಚಿಗೆ ಮೇಣದ ಬತ್ತಿ ಒಂದು ಸುತ್ತು ಉಜ್ಜಿದರೆ ಹೆಡ್ ಹಿಡಿಯದೆ ಜಾರಿ ಸಮವಾಗಿ ಕೂರುತ್ತೆ. ರಿಮ್ ಬಿಗಿಯುವ ರಾಡ್‌ಗಳ ತುಕ್ಕು ಒರೆಸಿ ಒಂದೊಂದು ಹನಿ ಎಣ್ಣೆ ಬಿಡಿ.

ಹಾಕುವಾಗ ಎಲ್ಲ ರಾಡ್‌ಗಳನ್ನೂ ಬೆರಳಲ್ಲೇ ಎಷ್ಟು ತಿರುಗುತ್ತೋ ಅಷ್ಟು ತಿರುಗಿಸಿ. ಆಮೇಲೆ ಡ್ರಮ್ ಕೀ ಹಿಡಿದು ಒಂದಕ್ಕೆ ಅರ್ಧ ಸುತ್ತು, ನಂತರ ಅದರ ಎದುರಿನದಕ್ಕೆ ಅರ್ಧ ಸುತ್ತು. ಪಕ್ಕಪಕ್ಕದ್ದನ್ನು ಬಿಗಿ ಮಾಡುತ್ತಾ ಹೋದರೆ ಹೆಡ್ ಓರೆಯಾಗಿ ಕೂರುತ್ತೆ. ಸುಕ್ಕು ಹೋದ ಮೇಲೆ ಅಂಗೈಯಿಂದ ನಡುವೆ ಒಮ್ಮೆ ಒತ್ತಿ. ಹೊಸ ಹೆಡ್ ಆದರೆ ಚಟಚಟ ಅನ್ನಬಹುದು, ಹೆದರಬೇಡಿ, ಬಳೆಯೊಳಗಿನ ಅಂಟು ಸರಿಯಾಗುವ ಸದ್ದು ಅದು. ಈಗ ಪ್ರತಿ ರಾಡ್ ಹತ್ತಿರ, ರಿಮ್‌ನಿಂದ ಒಂದು ಇಂಚು ಒಳಗೆ, ಮೆಲ್ಲಗೆ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರೋವರೆಗೆ ಕಾಲು ಸುತ್ತಿಗಿಂತ ಕಡಿಮೆ ಕಡಿಮೆ ತಿರುಗಿಸುತ್ತಾ ಬನ್ನಿ. ಮೇಲಿನದು ಆದ ಮೇಲೆ ಕೆಳಗಿನದನ್ನೂ ಹೀಗೇ ಮಾಡಿ, ಮೇಲಿನದಕ್ಕಿಂತ ಸ್ವಲ್ಪವೇ ಏರಿಸಿ. ಹೆಚ್ಚಿನವರು ಕೆಳಗಿನ ಹೆಡ್ ಮುಟ್ಟುವುದೇ ಇಲ್ಲ, ರಟ್ಟಿನ ಡಬ್ಬದ ಸದ್ದು ಅಲ್ಲಿಂದಲೇ ಬರುತ್ತಿರುತ್ತೆ. ಇಷ್ಟು ಮಾಡಿದ ಮೇಲೂ ಆ ಟಾಮ್ ಮಾತಾಡದಿದ್ದರೆ ಆಗ ಮೇಲಿನ ಹೆಡ್ ಕೊಳ್ಳಿ, ಅದೂ ಒಂದೇ ಒಂದು.

ನಿಮ್ಮ ಕೋಲುಗಳ ತುದಿಯನ್ನೂ ಉಗುರಿನಿಂದ ಸವರಿ ನೋಡಿ. ಮರದ ತುದಿ ಚಕ್ಕೆ ಎದ್ದಿದ್ದರೆ ಹೊಸ ಹೆಡ್ಡಿಗೂ ಒಂದೇ ವಾರದಲ್ಲಿ ಗುಳಿ ಬೀಳುತ್ತೆ. ಸ್ಯಾಂಡ್‌ಪೇಪರ್ ಹೇಗೂ ತೆಗೆದಿರ್ತೀರಿ, ಅದರಲ್ಲೇ ಉಜ್ಜಿಬಿಡಿ.

ಬಾಸ್ ಡ್ರಮ್ ತೂತಿನಿಂದ ಸೀಳು ಹೊರಟಿದೆಯೋ ಇಲ್ಲವೋ ಗೊತ್ತಾಗದಿದ್ದರೆ, ಹಿಂದಿನಿಂದ ಬೆಳಕು ಬೀಳುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.